ಗರಿಗರಿ ಅಕ್ಕನ ಸಿಟ್ಟು

ಮೊದಲೇ ಹೇಳಿಬಿಡುತ್ತೇನೆ, ಆಕೆ ಸಿಡುಕಿಯಲ್ಲ. ಬಜಾರಿಯೂ ಅಲ್ಲ. ಫೋನಿನಲ್ಲಿ ಆಕೆಯನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವರೆಲ್ಲ ಒಂದು ಸಲ ಆಕೆ ಕೆಲಸ ಮಾಡುವ ಲಾಂಡ್ರಿಯೊಳಗೆ ಹೋಗಿ ನಿಲ್ಲಬೇಕು. ಆಸ್ಪತ್ರೆ, ಹೋಟೆಲು, ಹಾಸ್ಟೆಲುಗಳ ಚಾದರಗಳೆಲ್ಲ ಬಂದು ಬೀಳುವ ಜಾಗ ಅದು. ಗೋಡೆಯುದ್ದಕ್ಕೂ ಒಗೆಯುವ ಯಂತ್ರಗಳು, ನಡುವೆ ಒಣಗಿಸುವ ಡ್ರಮ್ಮುಗಳು, ಕೊನೆಯಲ್ಲಿ ಚಾದರ ಇಸ್ತ್ರಿ ಮಾಡುವ ರೋಲರ್. ಎಲ್ಲವೂ ಒಟ್ಟಿಗೆ ತಿರುಗತೊಡಗಿದರೆ ಪಕ್ಕದಲ್ಲಿ ನಿಂತವರು ಕೆಮ್ಮಿದ್ದೂ ಕೇಳುವುದಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿ ಅನ್ನಬೇಕಾದರೂ ಗಂಟಲು ಹರಿಯುವಂತೆ ಕೂಗಬೇಕು. ವರ್ಷಗಟ್ಟಲೆ ಅಲ್ಲಿ ದುಡಿದವರ ದನಿ ಮೆತ್ತಗೆ ಉಳಿಯುವುದಾದರೂ ಹೇಗೆ? ಆಕೆ ಮನೆಯಲ್ಲಿ ಮಗಳನ್ನು ಮುದ್ದು ಮಾಡಿದರೂ ಎದುರುಮನೆಯವರು ಜಗಳ ಹತ್ತಿಕೊಂಡಿತು ಅಂತ ಕಿಟಕಿ ತೆಗೆದು ನೋಡುತ್ತಾರೆ.

ಲಾಂಡ್ರಿಯಲ್ಲಿ ಎಲ್ಲರಿಗೂ ಆಕೆ ದೊಡ್ಡಕ್ಕ. ವಯಸ್ಸಿನಲ್ಲಿ ಹಿರಿಯಳೆಂದಲ್ಲ, ರೋಲರಿನ ಮುಂದೆ ನಿಲ್ಲುವುದನ್ನು ಹೊಸಬರಿಗೆ ಕಲಿಸಿಕೊಡುವವಳು ಆಕೆಯೇ ಎಂದು. ಆ ಕೆಲಸಕ್ಕೆ ಇಬ್ಬರು ಬೇಕು. ಒದ್ದೆ ಚಾದರದ ಎರಡು ಮೂಲೆ ಇವಳು ಹಿಡಿಯಬೇಕು, ಎರಡು ಮೂಲೆ ಅವಳು. ಒಂದೇ ಏಟಿಗೆ ಒದರಿ, ಅಂಚನ್ನು ಮೇಜಿನ ಮೇಲೆ ನೀಟಾಗಿ ಹಾಸಿ, ಕೈ ಹಿಂದಕ್ಕೆಳೆದುಕೊಳ್ಳಬೇಕು. ಮಿಕ್ಕಿದ್ದನ್ನು ರೋಲರ್ ತಾನೇ ಎಳೆದುಕೊಳ್ಳುತ್ತದೆ. ಈ ಕಡೆಯಿಂದ ಮುದ್ದೆಯಾಗಿ ಹೋದದ್ದು ಆ ಕಡೆಯಿಂದ ಕಾಗದದ ಹಾಗೆ ಗರಿಗರಿಯಾಗಿ ಬರುತ್ತದೆ.

ದೊಡ್ಡಕ್ಕನ ಎದುರು ಮೂಲೆ ಹಿಡಿಯುತ್ತಿದ್ದವಳು ಸಣ್ಣಿ. ಕೆಲಸಕ್ಕೆ ಸೇರಿದ ದಿನ ಅವಳು ಚಾದರ ಎತ್ತಿಕೊಂಡರೆ ಚಾದರವೇ ನಡೆದು ಬಂದಂತೆ ಕಾಣುತ್ತಿತ್ತು, ಅದಕ್ಕೇ ಆ ಹೆಸರು. ಆಮೇಲೆ ಅವಳಷ್ಟು ಚುರುಕಿನವರು ಇಡೀ ಲಾಂಡ್ರಿಯಲ್ಲಿ ಇರಲಿಲ್ಲ. ಸದ್ದಿನ ನಡುವೆಯೇ ತುಟಿ ಆಡಿಸಿ ಯಜಮಾನನನ್ನು ಅಣಕಿಸುವಳು. ದೊಡ್ಡಕ್ಕ ನಗು ತಡೆಯಲಾರದೆ ಚಾದರವನ್ನು ಸೊಟ್ಟಗೆ ಹಾಸಿ, ಅದಕ್ಕೂ ಅವಳನ್ನೇ ಬೈಯುವಳು.

ರೋಲರಿನ ಬಾಯಿಗೆ ಅಡ್ಡವಾಗಿ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಅದಕ್ಕೆ ಬೆರಳು ತಾಗಿದರೆ ಸಾಕು, ಯಂತ್ರ ನಿಂತುಬಿಡಬೇಕು. ಅದನ್ನು ಕಾವಲುಪಟ್ಟಿ ಅನ್ನುತ್ತಾರೆ. ಹಳೆಯದಾಗಿ ಅದು ಚಾದರದ ಮಡಿಕೆ ತಾಗಿದರೂ ಯಂತ್ರ ನಿಲ್ಲಿಸತೊಡಗಿತು. ರಿಪೇರಿ ಮಾಡಿಸುವುದು ಬಿಟ್ಟು ಯಜಮಾನ ಅದನ್ನು ತಂತಿಯಿಂದ ಮೇಲಕ್ಕೆ ಬಿಗಿಸಿಬಿಟ್ಟ. ಬೇಡ ಸರ್, ಬೇಡ ಸರ್ ಅಂತ ದೊಡ್ಡಕ್ಕ ಅವನ ಬೆನ್ನು ಬಿದ್ದು ಹೇಳಿದಳು. ನೋಡೋಣ, ಮಾಡಿಸೋಣ, ಮುಂದಿನ ತಿಂಗಳು ಅಂದ. ಆ ಮುಂದಿನ ತಿಂಗಳು ಬರಲೇ ಇಲ್ಲ.

ಒಂದು ಮಧ್ಯಾಹ್ನ ಚಾದರದ ಅಂಚು ಸಣ್ಣಿಯ ಕೈಗವಸಿಗೆ ಸುತ್ತಿಕೊಂಡಿತು. ಚಾದರ ಯಾವುದು ಕೈ ಯಾವುದು ಅಂತ ರೋಲರಿಗೆ ತಿಳಿಯುತ್ತದೆಯೇ? ದೊಡ್ಡಕ್ಕ ಓಡಿ ರೋಲರಿನ ಸ್ವಿಚ್ ಆರಿಸುವಷ್ಟರಲ್ಲಿ ಬಲಗೈಯ ಬೆರಳುಗಳು ಬೆಂದು ಒಂದಕ್ಕೊಂದು ಅಂಟಿಹೋಗಿದ್ದವು. ಸಣ್ಣಿ ಕೂಗಿದಳಂತೆ. ಒಗೆಯುವ ಯಂತ್ರಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ, ಬಾಯಿ ತೆರೆದಿದ್ದಷ್ಟೇ ಕಂಡಿತು.

ಅವಳನ್ನು ಒಣಬಟ್ಟೆಯ ರಾಶಿಯ ಮೇಲೆ ಮಲಗಿಸಿ ಆಂಬುಲೆನ್ಸಿಗೆ ಕಾಯುತ್ತಿರುವಾಗ ಯಜಮಾನ ಬಂದ. ಬಂದವನು ಸಣ್ಣಿಯ ಹತ್ತಿರ ಹೋಗಲಿಲ್ಲ. ರೋಲರಿನ ಹತ್ತಿರ ಹೋಗಿ, ಸುಟ್ಟು ಕಪ್ಪಾದ ಚಾದರವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಅಯ್ಯೋ, ಇದು ಆಸ್ಪತ್ರೆಯವರದ್ದು. ಸಂಜೆ ಕಳಿಸ್ಬೇಕು. ರೋಲರ್ ಯಾಕೆ ನಿಲ್ಸಿದೀರ, ಶುರು ಮಾಡಿ" ಅಂದ.

ದೊಡ್ಡಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ವರ್ಷ 'ನೀವು' ಬಿಟ್ಟು ಬೇರೆ ಮಾತಾಡಿದವಳಲ್ಲ. ಅವತ್ತು ಬಹುವಚನ ಎಲ್ಲಿ ಹೋಯಿತೋ. ಅಲ್ಲೇ ಅವಳ ಮೈದುನ ನಿಂತಿದ್ದ, ಲಾಂಡ್ರಿಯ ವ್ಯಾನ್ ಓಡಿಸುವವನು. ಅವನ ಕಡೆ ತಿರುಗಿ, "ಫೋನ್ ತೆಗಿ. ಎಲ್ಲಾ ಹಿಡ್ಕೋ, ಇವಳ ಕೈಯಿಂದ ಶುರು ಮಾಡು. ಊರೆಲ್ಲಾ ನೋಡ್ಲಿ" ಅಂದಳು. ಆಮೇಲೆ ಯಜಮಾನನ ಎದುರು ನಿಂತು ಆ ಸದ್ದನ್ನು ಸೀಳಿಕೊಂಡು ಹೋಗುವಂತೆ ಕೂಗಿದಳು: "ಏನಯ್ಯಾ, ಚಾದರ ಸುಟ್ಟಿದ್ದು ಕಾಣ್ಸುತ್ತೆ, ಈ ಹುಡುಗಿ ಕೈ ಸುಟ್ಟಿದ್ದು ಕಾಣ್ಸಲ್ವಾ? ತಂತಿ ಕಟ್ಟಿದೋನು ನೀನು. ಬೇಡ ಬೇಡ ಅಂತ ಬಡ್ಕೊಂಡೆ, ಕಿವಿಗೆ ಹಾಕ್ಕೊಂಡ್ಯಾ? ಬಾ ಇಲ್ಲಿ. ಮೂತಿ ಕೊಡು, ಗರಿಗರಿ ಮಾಡ್ತೀನಿ. ಆಗ ಗೊತ್ತಾಗುತ್ತೆ ನಿನಗೆ."

ಅವಳು ಮಾಡಿದ ತಪ್ಪು ಅಂತ ಏನಾದರೂ ಇದ್ದರೆ ಅದೊಂದೇ. ಫೋನು ಹಿಡಿದರೆ ಊರು ನೋಡುತ್ತದೆ, ನೋಡಿದರೆ ಊರಿಗೆ ಅರ್ಥವಾಗುತ್ತದೆ ಅಂದುಕೊಂಡಳು.

ಮೈದುನ ಕೆಟ್ಟವನಲ್ಲ. ಅತ್ತಿಗೆಯೆಂದರೆ ಜೀವ. ಆ ಸಂಜೆ ಕೂತು ವಿಡಿಯೋ ಸರಿ ಮಾಡಿದ. ಸುಟ್ಟ ಗಾಯ ತೋರಿಸಿದರೆ ವಿಡಿಯೋ ಆ್ಯಪಿನ ಕಂಪನಿಯವರು ತೆಗೆದುಹಾಕುತ್ತಾರಂತೆ, ಆದ್ದರಿಂದ ಸಣ್ಣಿಯ ಕೈ ಹೋಯಿತು. ಉದ್ದವಾದರೆ ಯಾರೂ ಪೂರ್ತಿ ನೋಡುವುದಿಲ್ಲವಂತೆ, ಆದ್ದರಿಂದ ತಂತಿಯ ಮಾತು ಹೋಯಿತು. ಯಂತ್ರಗಳ ಗದ್ದಲದಲ್ಲಿ ಅತ್ತಿಗೆಯ ಮಾತು ಸ್ಪಷ್ಟವಾಗಿ ಕೇಳುತ್ತಿಲ್ಲ ಅಂತ ಗದ್ದಲವನ್ನೂ ಅಳಿಸಿದ. ಈಗೆಲ್ಲ ಅದಕ್ಕೂ ಒಂದು ಗುಂಡಿ ಇದೆಯಂತೆ, ಒತ್ತಿದರೆ ಸಾಕಂತೆ. ಕೊನೆಗೆ ಉಳಿದದ್ದೇನು? ನಿಶ್ಶಬ್ದವಾದ ಒಂದು ಕೋಣೆ, ಅದರಲ್ಲಿ ತೆಪ್ಪಗೆ ನಿಂತ ಒಬ್ಬ ಸಭ್ಯ ಮನುಷ್ಯ, ಅವನ ಮುಖಕ್ಕೆ ಮುಖ ಕೊಟ್ಟು ಸುಮ್ಮಸುಮ್ಮನೆ ಅರಚುತ್ತಿರುವ ಹೆಂಗಸು. "ಮೂತಿ ಕೊಡು, ಗರಿಗರಿ ಮಾಡ್ತೀನಿ."

ಬೆಳಗಾಗುವಷ್ಟರಲ್ಲಿ ಯಾರೋ ಅದಕ್ಕೆ ತಾಳ ಹಾಕಿದ್ದರು. ಮರುದಿನ ಅದು ಹಾಡಾಯಿತು. ಆಮೇಲೆ ಅದನ್ನು ಹಿಡಿದು ನಿಲ್ಲಿಸುವವರೇ ಇಲ್ಲ. ಗಂಡಂದಿರು ಹೆಂಡತಿಯರಿಗೆ ಕಳಿಸಿದರು, ಹೆಂಡತಿಯರು ಅತ್ತೆಯರಿಗೆ ಕಳಿಸಿದರು. ಹಸುಗೂಸುಗಳು ತೊದಲುತ್ತ ಹೇಳಿದವು, ಅಪ್ಪಂದಿರು ಅದನ್ನೂ ಹಿಡಿದು ಹಾಕಿದರು. ಮೇಷ್ಟ್ರುಗಳು ಕ್ಲಾಸಿನಲ್ಲಿ ಹೇಳಿದರು. ದೊಡ್ಡಕ್ಕನ ಮುಖ ಕತ್ತರಿಸಿ ತೆಗೆದ ಪುಟಾಣಿ ಚಿತ್ರವೊಂದು ಎಲ್ಲರ ಫೋನಿನಲ್ಲಿ ಬಂದು ಕೂತಿತು, ಸಿಟ್ಟು ಬಂದಿದೆ ಅಂತ ಹೇಳಲು ಅದನ್ನು ಒತ್ತಿದರಾಯಿತು. ಆಕೆಗೊಂದು ಹೆಸರೂ ಬಂತು, ಗರಿಗರಿ ಅಕ್ಕ. ಅಲ್ಲ ಸ್ವಾಮಿ, ಒಬ್ಬಳ ಕೈ ಬೆಂದದ್ದಕ್ಕೆ ಇನ್ನೊಬ್ಬಳು ಕರುಳು ಕಿತ್ತು ಬರುವಂತೆ ಕೂಗಿದರೆ ಅದಕ್ಕೆ ತಾಳ ಹಾಕುತ್ತಾರೆಯೇ? ಗೊತ್ತಿರಲಿಲ್ಲ ಅನ್ನುತ್ತೀರಿ. ಯಾಕೆ ಕೂಗುತ್ತಿದ್ದಾಳೆ ಅಂತ ಒಬ್ಬರಾದರೂ ಕೇಳಬಹುದಿತ್ತಲ್ಲ?

ದೊಡ್ಡಕ್ಕ ಮೈದುನನನ್ನು ತರಾಟೆಗೆ ತೆಗೆದುಕೊಂಡಳು. "ನಾನೇನು ಹೇಳಿದ್ದೆ, ನೀನೇನು ಮಾಡಿದೆ? ಅವಳ ಕೈ ಎಲ್ಲಿ?"

"ಒಳ್ಳೇದಕ್ಕೇ ಮಾಡಿದ್ದು ಅತ್ತಿಗೆ" ಅಂದ ಅವನು, ಮುಖ ಇಷ್ಟಗಲ ಮಾಡಿಕೊಂಡು. "ಮೊದ್ಲು ಜನ ಸೇರ್ಲಿ, ಆಮೇಲೆ ಪೂರ್ತಿ ಹಾಕೋಣ ಅಂತ."

ಪೂರ್ತಿಯದನ್ನೂ ಹಾಕಿದ. ಗಾಯವಿದ್ದದ್ದನ್ನು ಗಂಟೆಯೊಳಗೆ ತೆಗೆದುಹಾಕಿದರು. ಗಾಯ ಬಿಟ್ಟು ಮಿಕ್ಕಿದ್ದೆಲ್ಲ ಹಾಕಿದರೆ, ಇದರಲ್ಲಿ ಹಾಡು ಎಲ್ಲಿ ಅಂತ ನೋಡಿದವರು ಕೇಳಿದರು.

ಮನೆಯಲ್ಲೂ ಅದೇ ಕಥೆ. ಕಾಲೇಜಿಗೆ ಹೋಗುವ ಮಗಳಿಗೆ ಮೊದಮೊದಲು ಹೆಮ್ಮೆ. "ಜನ ನಿನ್ನ ಇಷ್ಟಪಡ್ತಿದಾರೆ ಕಣಮ್ಮಾ, ಅದಕ್ಕೂ ಬೇಜಾರಾ ನಿನಗೆ?" ಅಂದಳು. ಒಂದು ಸಂಜೆ ಅವಳು ಹೇಳದೆ ಕೇಳದೆ ತಡವಾಗಿ ಬಂದಳು. ಬಾಗಿಲಲ್ಲೇ ದೊಡ್ಡಕ್ಕ ಗದರಿದಳು. ಹೆದರಿದ್ದಳು ಪಾಪ, ಆ ಹೆದರಿಕೆಯೇ ಬೈಗುಳವಾಗಿ ಬಂತು. ಮಗಳು ಕಿಸಕ್ಕನೆ ನಕ್ಕುಬಿಟ್ಟಳು. ಬೇಕಂತ ನಗಲಿಲ್ಲ, ನಗು ತಾನಾಗಿ ಬಂತು. ಬಾಯಿ ಮುಚ್ಚಿಕೊಂಡು, "ಸಾರಿ ಅಮ್ಮಾ, ನೀನು ಹಾಗಂದ ತಕ್ಷಣ ಅದೇ ನೆನಪಾಗುತ್ತೆ" ಅಂದಳು. ದೊಡ್ಡಕ್ಕ ಒಳಗೆ ಹೋಗಿ ಹಾಸಿಗೆ ಹಾಸಿದಳು.

ಇನ್ನು ಯಜಮಾನನ ಸಂಗತಿ ಕೇಳಿ. ಮೊದಲ ಕೆಲವು ದಿನ ಅವನು ಹೆದರಿ ಲಾಂಡ್ರಿಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಗರಿಗರಿ ಅಕ್ಕನ ಲಾಂಡ್ರಿ ಇದೇನಾ ಅಂತ ಕೇಳಿಕೊಂಡು ಹೊಸ ಹೋಟೆಲುಗಳಿಂದ ಫೋನು ಬರತೊಡಗಿತು. ಇವನ ಹೆದರಿಕೆ ಎತ್ತ ಹೋಯಿತೋ! ವಾರ ಕಳೆಯುವಷ್ಟರಲ್ಲಿ ವ್ಯಾನಿನ ಎರಡೂ ಬದಿಗೆ ದೊಡ್ಡಕ್ಕನ ಬಾಯಿ ತೆರೆದ ಮುಖ, ಕೆಳಗೆ ದಪ್ಪ ಅಕ್ಷರ: 'ಬಟ್ಟೆ ಕೊಡಿ, ಗರಿಗರಿ ಮಾಡ್ತೀವಿ!' ಅವಳನ್ನು ಕೇಳಿದನೇ? ಕೇಳಲಿಲ್ಲ. ಬೈಸಿಕೊಂಡವನು ತಾನು ತಾನೇ, ಆ ಬೈಗುಳ ತನ್ನ ಸೊತ್ತು ಅಂದುಕೊಂಡನೋ ಏನೋ.

"ನಿಮ್ಮ ಸಿಟ್ಟು ನಮಗೆ ಒಳ್ಳೇದೇ ಮಾಡ್ತು ನೋಡಿ ದೊಡ್ಡಕ್ಕ" ಅಂತ ಹಲ್ಲು ಕಿರಿದ.

"ಕಾವಲುಪಟ್ಟಿ ಸರ್?"

"ಮಾಡ್ಸೋಣ, ಮಾಡ್ಸೋಣ."

"ಸಣ್ಣಿ?"

"ಪಾಪ, ಅವಳ ಕೈಲಿ ಇನ್ನೇನು ಕೆಲಸ ಆಗುತ್ತೆ? ಯೋಚ್ನೆ ಮಾಡೋಣ."

ಕೆಲಸದಿಂದ ಕಿತ್ತುಹಾಕಿದ್ದರೆ ದೊಡ್ಡಕ್ಕನಿಗೆ ಅರ್ಥವಾಗುತ್ತಿತ್ತು. ತಿರುಗಿ ಬೈದಿದ್ದರೂ ಅರ್ಥವಾಗುತ್ತಿತ್ತು. ಅವನು ನಕ್ಕ. ಅವಳ ಕೈಲಿದ್ದ ಒಂದೇ ಒಂದು ಆಯುಧವನ್ನು ಕಿತ್ತುಕೊಂಡು, ಅದರಲ್ಲೇ ಬೆನ್ನು ಕೆರೆದುಕೊಂಡ. ಸಣ್ಣಿಯ ಜಾಗಕ್ಕೆ ಹೊಸಬಳೊಬ್ಬಳು ಬಂದಳು. ಪಟ್ಟಿ ತಂತಿಯಲ್ಲಿ ನೇತಾಡುತ್ತಲೇ ಇತ್ತು.

ಇಷ್ಟಾದ ಮೇಲೂ ದೊಡ್ಡಕ್ಕ ಆಸೆ ಬಿಡಲಿಲ್ಲ. ಟಿವಿಯವರು ನಗೆಹಬ್ಬದ ಹಾಗಿನ ಒಂದು ಕಾರ್ಯಕ್ರಮಕ್ಕೆ ಕರೆದಾಗ, ಸಣ್ಣಿ ಜೊತೆಗಿದ್ದರೆ ಮಾತ್ರ ಬರುತ್ತೇನೆ ಅಂದಳು. ಅವರು ಒಪ್ಪಿದರು. ಅಲ್ಲಿ ಜನ ಕಣ್ಣೆದುರೇ ಕೂತಿರುತ್ತಾರೆ, ಯಾರೂ ಏನನ್ನೂ ಕತ್ತರಿಸಲಾರರು, ಎಲ್ಲರ ಎದುರೇ ಹೇಳಿಬಿಡೋಣ, ನಾಳೆ ಪಟ್ಟಿ ಸರಿಹೋಗುತ್ತದೆ, ಇವಳಿಗೂ ಒಂದು ಕೆಲಸ ಸಿಗುತ್ತದೆ ಅಂದುಕೊಂಡು ಹೊರಟಳು.

ಸ್ಟುಡಿಯೋದ ಬಾಗಿಲಲ್ಲೇ ಒಬ್ಬ ಹುಡುಗಿ ಬಂದು ಸಣ್ಣಿಯ ಕೈಗೊಂದು ರೇಷ್ಮೆಯ ಬಟ್ಟೆ ಸುತ್ತಿದಳು. "ಊಟದ ಹೊತ್ತಲ್ಲಿ ನೋಡೋ ಪ್ರೋಗ್ರಾಮು ಮೇಡಂ, ತಪ್ಪು ತಿಳ್ಕೋಬೇಡಿ" ಅಂದಳು. ಎಷ್ಟು ವಿನಯ, ಎಷ್ಟು ಮೃದು ಮಾತು. ಬೆಂದ ಕೈಯನ್ನು ಉಡುಗೊರೆಯ ಹಾಗೆ ಕಟ್ಟಿ ತೊಡೆಯ ಮೇಲಿಟ್ಟು ಸಣ್ಣಿಯನ್ನು ಸೋಫಾದ ಮೂಲೆಯಲ್ಲಿ ಕೂರಿಸಿದರು.

ನಿರೂಪಕಿ ಮೊದಲು ಕೇಳಿದ್ದೇ, "ಅಕ್ಕ, ನಮಗೋಸ್ಕರ ಒಂದ್ಸಲ ಹೇಳಿಬಿಡಿ" ಅಂತ. ಹೇಳಲ್ಲ ಅಂದಳು ದೊಡ್ಡಕ್ಕ. ಸಭೆ ನಕ್ಕಿತು. ಯಾಕೆ ಬೈದೆ ಅಂತ ಮೊದಲು ಕೇಳಿ ಅಂದಳು. ಸಭೆ ಇನ್ನೂ ಜೋರಾಗಿ ನಕ್ಕಿತು. ಅವಳ ದನಿಯೇ ಅಂಥದು, ಸಾಮಾನ್ಯವಾಗಿ ಮಾತಾಡಿದರೂ ಬೈದಂತೆ ಕೇಳುತ್ತದೆ. ಪಟ್ಟಿಯ ವಿಷಯ ಹೇಳಿದಳು, ತಂತಿಯ ವಿಷಯ ಹೇಳಿದಳು, ಸಣ್ಣಿಯ ಬೆರಳು ಅಂಟಿಹೋದದ್ದು ಹೇಳಿದಳು. ಒಂದಿಬ್ಬರು ನಗು ನಿಲ್ಲಿಸಿದರು. ಅಷ್ಟರಲ್ಲಿ ನಿರೂಪಕಿ, "ಆ ಸಿಟ್ಟಿನಲ್ಲಿ ಬಂದದ್ದೇ ಆ ಫೇಮಸ್ ಡೈಲಾಗ್, ಅಲ್ವಾ ಅಕ್ಕ?" ಅಂದಳು, ಹಿಂದಿನಿಂದ ತಾಳ ಶುರುವಾಯಿತು. ದೊಡ್ಡಕ್ಕನ ಪಿತ್ತ ನೆತ್ತಿಗೇರಿತು. "ನಿಮಗೆ ಮನುಷ್ಯತ್ವ ಇದೆಯೇನ್ರೀ? ಅವಳು ಇಲ್ಲೇ ಕೂತಿದಾಳೆ" ಅಂತ ಎದ್ದು ನಿಂತು ಕೂಗಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಸಣ್ಣಿ ಕಿಟಕಿಯ ಕಡೆ ಕೂತಿದ್ದಳು. ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಲು ಇನ್ನೊಂದು ಕೈಯಿಂದ ಹೆಣಗುತ್ತಿದ್ದಳು. ದೊಡ್ಡಕ್ಕ ಗಂಟು ಬಿಡಿಸಿಕೊಟ್ಟಳು.

"ಅಕ್ಕ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಅಂದಳು ಸಣ್ಣಿ. "ನನ್ನ ಪರವಾಗಿ ಇನ್ನು ಬೈಬೇಡಿ. ನೀವು ಬೈದಷ್ಟೂ ಅವರಿಗೆ ಖುಷಿ. ನಾನು ಅಲ್ಲಿ ಕೂತ್ಕೊಂಡು ಅದನ್ನ ನೋಡ್ಬೇಕು."

ಆ ಮಾತು ಎದೆಗೇ ಬಡಿಯಿತು. ಇವಳೂ ಹೀಗಂದರೆ ಬಾಯಿ ಯಾಕಾದರೂ ಬೇಕು ಅನ್ನಿಸಿತು ದೊಡ್ಡಕ್ಕನಿಗೆ. ಯಾರ ಮೇಲೆ ಸಿಟ್ಟು ಮಾಡುವುದು? ಮೈದುನನ ಮೇಲೋ, ನಿರೂಪಕಿಯ ಮೇಲೋ, ಮಗಳ ಮೇಲೋ? ಯಾರ ಮೇಲೆ ಮಾಡಿದರೂ ಅವರು ನಗುತ್ತಾರೆ.

ಕಾರ್ಯಕ್ರಮ ಬಂದ ಮೇಲೆ ಯಜಮಾನನಿಗೆ ಇನ್ನೂ ಹುರುಪು ಹೆಚ್ಚಿತು. ಲಾಂಡ್ರಿಯ ಒಳಗೇ ಒಂದು ಜಾಹೀರಾತು ತೆಗೆಯುವುದೆಂದು ಕ್ಯಾಮೆರಾದವರನ್ನು ಕರೆಸಿದ. ದೊಡ್ಡಕ್ಕ ಏನೂ ಹೇಳಲ್ಲ, ನನ್ನ ಪಾಡಿಗೆ ಕೆಲಸ ಮಾಡುತ್ತೇನೆ ಅಂದಳು. "ಪರವಾಗಿಲ್ಲ, ಅವರು ಎಷ್ಟೊತ್ತಿಗಾದ್ರೂ ಬೈತಾರೆ, ನೀವು ಹಿಡ್ಕೊಳ್ಳಿ" ಅಂದ ಯಜಮಾನ ಕ್ಯಾಮೆರಾದವನಿಗೆ. ರೋಲರಿನ ಮುಂದೆ ನಿಲ್ಲುವ ಹೊಸಬಳಿಗೂ ಹೇಳಿಕೊಟ್ಟಿದ್ದ: ಅಕ್ಕ ಕೂಗಿದ ಕೂಡಲೇ ಕ್ಯಾಮೆರಾ ಕಡೆ ತಿರುಗಿ ನಗಬೇಕು.

ಹೊಸಬಳು ಅವತ್ತು ಚೆನ್ನಾಗಿ ತಲೆ ಬಾಚಿಕೊಂಡು, ಉದ್ದ ತೋಳಿನ ಹೊಸ ಅಂಗಿ ಹಾಕಿಕೊಂಡು ಬಂದಿದ್ದಳು. ಯಂತ್ರಗಳೆಲ್ಲ ತಿರುಗುತ್ತಿದ್ದವು. ಚಾದರ ಒದರಿದರು, ಹಾಸಿದರು. ದೊಡ್ಡಕ್ಕ ಕೈ ಹಿಂದೆಗೆದುಕೊಂಡಳು. ಹೊಸಬಳು ಕ್ಯಾಮೆರಾ ನೋಡುತ್ತ ಕೈಯನ್ನು ಅಲ್ಲೇ ಬಿಟ್ಟಿದ್ದಳು. ತೋಳಿನ ಅಂಚು ಚಾದರದ ಜೊತೆ ಜಾರುತ್ತ ರೋಲರಿನ ಕಡೆ ಹೊರಟಿತ್ತು.

"ಕೈ ತೆಗಿ" ಅಂತ ದೊಡ್ಡಕ್ಕ ಕೂಗಿದಳು. "ಏ, ಕೈ ತೆಗಿಯೇ, ಕೈ!"

ಹೊಸಬಳು ಕ್ಯಾಮೆರಾದ ಕಡೆ ತಿರುಗಿ ನಕ್ಕಳು.

ಹೇಳಿಕೊಟ್ಟ ಹಾಗೇ, ಹಲ್ಲೆಲ್ಲ ಕಾಣುವಂತೆ ನಕ್ಕಳು. ಕ್ಯಾಮೆರಾದವನು ಹೆಬ್ಬೆರಳು ಎತ್ತಿ ತೋರಿಸಿದ. ದೊಡ್ಡಕ್ಕ ಮೇಜಿನ ಮೇಲೆ ಬಿದ್ದು, ಅವಳ ಭುಜಕ್ಕೆ ಕೈ ಹಾಕಿ, ಇದ್ದಬದ್ದ ಬಲವೆಲ್ಲ ಹಾಕಿ ಹಿಂದಕ್ಕೆಳೆದಳು. ಇಬ್ಬರೂ ನೆಲಕ್ಕೆ ಬಿದ್ದರು. ಅಂಗಿಯ ತೋಳು ಹರಿದು ಅರ್ಧ ರೋಲರಿನೊಳಗೆ ಹೋಯಿತು, ಆ ಕಡೆಯಿಂದ ಚಾದರಕ್ಕೆ ಅಂಟಿಕೊಂಡು ಹೊಗೆಯಾಡುತ್ತ ಬಂತು. ಹೊಸಬಳು ತನ್ನ ಬರಿಗೈಯನ್ನು ನೋಡಿಕೊಂಡಳು. ಅವಳ ಮುಖದಲ್ಲಿ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ, ಕಣ್ಣಲ್ಲಿ ನೀರು ಬಂದಿತ್ತು.

"ಸೂಪರ್" ಅಂದ ಕ್ಯಾಮೆರಾದವನು. "ಇನ್ನೊಂದ್ಸಲ ಮಾಡೋಣ್ವಾ?"

ದೊಡ್ಡಕ್ಕ ಎದ್ದಳು. ಮೊಣಕಾಲು ತರಚಿತ್ತು. ಯಾರನ್ನೂ ನೋಡದೆ ಬಾಗಿಲ ಪಕ್ಕದ ಗೋಡೆಯ ಹತ್ತಿರ ಹೋಗಿ ಇಡೀ ಲಾಂಡ್ರಿಯ ಮೇನ್ ಸ್ವಿಚ್ಚನ್ನು ಕೆಳಗೆಳೆದಳು. ಒಗೆಯುವ ಯಂತ್ರಗಳು ನಿಂತವು, ಡ್ರಮ್ಮುಗಳು ಇನ್ನೊಂದಷ್ಟು ಸುತ್ತಿ ನಿಂತವು. ಅಷ್ಟು ವರ್ಷದಲ್ಲಿ ಹಗಲು ಹೊತ್ತಿನಲ್ಲಿ ಆ ಜಾಗ ಸುಮ್ಮನಾದದ್ದನ್ನು ಯಾರೂ ಕಂಡಿರಲಿಲ್ಲ. ಹೆಂಗಸರೆಲ್ಲ ಕೈಲಿದ್ದ ಬಟ್ಟೆ ಹಾಗೇ ಹಿಡಿದುಕೊಂಡು ನಿಂತರು. ಯಾವುದೋ ಪೈಪಿನಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

ಯಜಮಾನ ದಾಪುಗಾಲಿಟ್ಟು ಬಂದ. ಕ್ಯಾಮೆರಾ ತಿರುಗುತ್ತಿದೆ ಅನ್ನುವುದು ನೆನಪಾಗಿ ಮುಖದ ಮೇಲೆ ನಗು ಎಳೆದುಕೊಂಡ. "ಏನು ಗರಿಗರಿ ಅಕ್ಕ, ಭಾರೀ ಸಿಟ್ಟಾ? ಬರ್ಲಿ ಬರ್ಲಿ, ಹೇಳಿಬಿಡಿ" ಅಂದ. ಮೈದುನನ ಫೋನು ರೂಢಿಯಂತೆ ಮೇಲೆದ್ದಿತ್ತು. ಅತ್ತಿಗೆಯ ಕಣ್ಣು ನೋಡಿ ಅದನ್ನು ಇಳಿಸಿದ.

ದೊಡ್ಡಕ್ಕ ಬೈಯಲಿಲ್ಲ. ಒಳಗೆ ಬೆಂಕಿ ಉರಿಯುತ್ತಿತ್ತು, ಒಂದು ಮಾತು ಜೋರಾಗಿ ಬಂದರೂ ಎಲ್ಲವೂ ಮತ್ತೆ ಹಾಡಾಗುತ್ತದೆ ಅಂತ ಗೊತ್ತಿತ್ತು. ಕೂಗುವ ಅಗತ್ಯವೂ ಇರಲಿಲ್ಲ. ಮೊದಲ ಬಾರಿಗೆ ಆ ಕೋಣೆಯಲ್ಲಿ ಪಿಸುಮಾತೂ ಕೇಳುವಂತಿತ್ತು.

"ಸರ್" ಅಂದಳು ಮೆಲ್ಲಗೆ. "ಪಟ್ಟಿ ಆಮೇಲೆ ಮಾಡ್ಸೋಣ ಅಂತೀರಲ್ಲ. ಬನ್ನಿ, ಆ ಮೇಜಿನ ಮೇಲೆ ಕೈ ಇಡಿ. ನಾನು ಸ್ವಿಚ್ ಹಾಕ್ತೀನಿ."

ಯಜಮಾನ ನಕ್ಕ. ಯಾರಾದರೂ ಜೊತೆಗೂಡುತ್ತಾರೇನೋ ಅಂತ ಅತ್ತಿತ್ತ ನೋಡಿದ. ಒಬ್ಬರೂ ನಗಲಿಲ್ಲ. ಹೊಸಬಳು ನೆಲದ ಮೇಲೆ ಕೂತೇ ಅವನನ್ನು ನೋಡುತ್ತಿದ್ದಳು.

"ಇಡಿ ಸರ್" ಅಂದಳು ದೊಡ್ಡಕ್ಕ. ಅವಳ ಕೈ ಸ್ವಿಚ್ಚಿನ ಮೇಲೇ ಇತ್ತು.

ಅವನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

ಕ್ಯಾಮೆರಾದವನು ಕಣ್ಣಿಂದ ಕ್ಯಾಮೆರಾ ಇಳಿಸಿ, ಇದು ಉಪಯೋಗಕ್ಕೆ ಬರಲ್ಲ, ಇದರಲ್ಲಿ ಏನೂ ಇಲ್ಲ ಅಂತ ಜೊತೆಯವನಿಗೆ ಹೇಳಿ ವೈರು ಸುತ್ತತೊಡಗಿದ.

"ಮೊದ್ಲು ಫಿಟ್ಟರ್‌ಗೆ ಫೋನ್ ಮಾಡಿ ಸರ್" ಅಂದಳು ದೊಡ್ಡಕ್ಕ, ಅದೇ ದನಿಯಲ್ಲಿ. "ಅದಾದ್ಮೇಲೆ ಸಣ್ಣಿಗೆ. ಬಟ್ಟೆ ವಿಂಗಡಿಸೋಕೆ ಒಂದು ಕೈ ಸಾಕು. ನಾವು ಕಾಯ್ತೀವಿ."

ಹೆಂಗಸರು ಒಬ್ಬೊಬ್ಬರಾಗಿ ಬಟ್ಟೆಯ ಗಂಟುಗಳ ಮೇಲೆ ಕೂತರು. ಯಜಮಾನ ಬಾಗಿಲ ಕಡೆ ನೋಡಿದ, ಗಡಿಯಾರ ನೋಡಿದ, ತಂತಿಯಲ್ಲಿ ನೇತಾಡುವ ಪಟ್ಟಿಯನ್ನೂ ನೋಡಿದ. ಕೊನೆಗೆ ಜೇಬಿನಿಂದ ಒಂದು ಕೈ ಹೊರಗೆ ಬಂತು, ಫೋನು ಹಿಡಿದುಕೊಂಡು.